ಮೊದಲು ತಿರುಗಿಸಿ ನೋಡಿ: ಪೈಲಟ್ ವಿಂಗ್ಸ್‌ನ ನಿಜ ಇರೋದು ಬೆನ್ನಲ್ಲಿ

ನಮಸ್ಕಾರ, ಎಲ್ಲರಿಗೂ ಸ್ವಾಗತ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟುಕೊಂಡಿದ್ದೆ. ಬೆಳಿಗ್ಗೆ ಪೈಲಟ್ ವಿಂಗ್ಸ್ ಬಗ್ಗೆ, ಅಂದರೆ ಪೈಲಟ್ ಎದೆಯ ಮೇಲೆ ಹಾಕುವ ರೆಕ್ಕೆ ಆಕಾರದ ಬ್ಯಾಡ್ಜ್ ಬಗ್ಗೆ, ಒಂದು ಕಾಮೆಂಟ್ ಓದಿದೆ. ಬರೆದಿದ್ದನ್ನು ಪಕ್ಕಕ್ಕಿಟ್ಟೆ.

ಕಾಮೆಂಟ್ ಹೀಗಿದೆ: "ಸರ್, ಎರಡನೇ ಮಹಾಯುದ್ಧದ ಅಮೆರಿಕನ್ ಪೈಲಟ್ ವಿಂಗ್ಸ್. ಸ್ಟರ್ಲಿಂಗ್ ಅಂತ ಬರೆದಿದೆ. ಮಾರಿದವರು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಅಂದರು. ಇನ್ನೂ ಯಾಕೆ ಅನುಮಾನ ಪಡ್ತೀರಿ?" ಜೊತೆಗೆ ಮೂರು ಫೋಟೋ. ಮೂರೂ ಮುಂಭಾಗದ್ದೇ! ಬೆನ್ನಿನ ಒಂದು ಫೋಟೋ ಕೂಡ ಇಲ್ಲ.

ಎಷ್ಟು ಸಲ ಹೇಳಿದ್ದೇನೆ? ತಿರುಗಿಸಿ ನೋಡಿ. ಬ್ಯಾಡ್ಜ್‌ನ ಮುಖ ಯಾರು ಬೇಕಾದರೂ ನಕಲು ಮಾಡುತ್ತಾರೆ. ಕೊಳ್ಳುವವರು ನೋಡೋದೇ ಅದನ್ನು, ಹಾಗಾಗಿ ನಕಲಿ ಮಾಡುವವನ ಶ್ರಮವೆಲ್ಲ ಅಲ್ಲಿಗೇ ಹೋಗುತ್ತದೆ. ಬೆನ್ನಿಗೆ ಬರುವಷ್ಟರಲ್ಲಿ ಅವನ ತಾಳ್ಮೆ ಮುಗಿದಿರುತ್ತದೆ.

ನನ್ನ ಕೈಯಲ್ಲಿ ಎರಡು ಬ್ಯಾಡ್ಜ್ ಇವೆ. ಎರಡೂ ಮೂರು ಇಂಚಿನವು ಅನ್ನೋ ಲೆಕ್ಕ. ಎರಡರಲ್ಲೂ ಸ್ಟರ್ಲಿಂಗ್, ಅಂದರೆ ಬೆಳ್ಳಿ ಅನ್ನೋ ಮುದ್ರೆ ಇದೆ. ಎಡಗೈಯಲ್ಲಿರುವುದು ಅಸಲಿ, ಬಲಗೈಯದು ನಕಲಿ. ಈ ನಕಲಿಯನ್ನು ನಾನೇ ಕೊಂಡಿದ್ದು, ಒಳ್ಳೇ ದುಡ್ಡು ಕೊಟ್ಟು, ಒಂದು ಚೆಂದದ ಕಥೆ ಕೇಳಿ. ಆ ನೋವು ಇನ್ನೂ ಇದೆ. ಅದಕ್ಕೇ ಇಷ್ಟು ಬಿಸಿಯಾಗಿ ಮಾತಾಡ್ತಿದ್ದೇನೆ.

ಈಗ ಅಂಚು ನೋಡಿ. ಕ್ಯಾಮೆರಾ ಹತ್ತಿರ ತರ್ತೀನಿ. ಅಸಲಿಯನ್ನು ಉಕ್ಕಿನ ಅಚ್ಚಿನ ಮಧ್ಯೆ ಬೆಳ್ಳಿ ಇಟ್ಟು ಭಾರೀ ಒತ್ತಡದಲ್ಲಿ ಒತ್ತಿದ್ದಾರೆ. ಆಮೇಲೆ ಸುತ್ತಲಿನ ಹೆಚ್ಚುವರಿ ಲೋಹ ಕತ್ತರಿಸಿದ್ದಾರೆ. ಅಂಚಿನಲ್ಲಿ ಮೇಲಿಂದ ಕೆಳಕ್ಕೆ ಸಣ್ಣ ಗೀರುಗಳು ಕಾಣ್ತಿವೆ ಅಲ್ವಾ? ಅದು ಕತ್ತರಿಸಿದ ಗುರುತು. ಗರಿಗಳ ನಡುವಿನ ಗೆರೆ ಉಗುರಿಗೆ ತಾಗುವಷ್ಟು ಚೂಪು. ನಕಲಿ ಹಾಗಲ್ಲ. ಅಸಲಿ ಬ್ಯಾಡ್ಜ್‌ನಿಂದಲೇ ಅಚ್ಚು ತೆಗೆದು, ಕರಗಿಸಿದ ಲೋಹ ಹೊಯ್ದಿದ್ದಾರೆ. ಮೇಲೆಲ್ಲ ಸೂಜಿಮೊನೆಯಂಥ ಗುಳಿಗಳು. ಸ್ಟರ್ಲಿಂಗ್ ಅನ್ನೋ ಅಕ್ಷರಗಳು ನಾಲ್ಕು ದಿನ ಬಳಸಿದ ಸೋಪಿನ ಮೇಲಿನ ಹೆಸರಿನ ಹಾಗೆ ಮೆತ್ತಗಾಗಿವೆ. ಇನ್ನೊಂದು ಗಮನಿಸಿ, ಇದು ಒಂದು ಕೂದಲೆಳೆ ಚಿಕ್ಕದು. ಹೊಯ್ದ ಲೋಹ ಆರುವಾಗ ಕುಗ್ಗುತ್ತದೆ. ಅಸಲಿಯಿಂದ ತೆಗೆದ ಎರಕ ಅಸಲಿಗಿಂತ ಚೂರು ಕಿರಿದಾಗುತ್ತದೆ. ಅಳತೆ ಸಾಧನ ಇಟ್ಟರೆ ತಕ್ಷಣ ಗೊತ್ತಾಗುತ್ತದೆ.

"ಆದರೆ ಸರ್, ಬೆಳ್ಳಿ ಅಂತ ಪರೀಕ್ಷೆ ಮಾಡಿಸಿದ್ದೀನಿ" ಅನ್ನುವವರಿದ್ದಾರೆ. ಒಳ್ಳೆಯದು, ಮಾಡಿಸಿ. ಮನೆಯಲ್ಲೇ ಮಾಡಬಹುದು. ಸಣ್ಣ ತಕ್ಕಡಿ ಮೇಲೆ ಒಂದು ಲೋಟ ನೀರು ಇಟ್ಟು ಸೊನ್ನೆ ಮಾಡಿ. ಬ್ಯಾಡ್ಜನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿ. ಒಣಗಿದ್ದಾಗ 20.7 ಗ್ರಾಂ ಇತ್ತು, ಈಗ ತಕ್ಕಡಿ 2 ಗ್ರಾಂ ತೋರಿಸಿತು ಅನ್ನಿ. ಭಾಗಿಸಿದರೆ 10.35. ಸ್ಟರ್ಲಿಂಗ್ ಅಂದರೆ 92.5 ಶೇಕಡಾ ಬೆಳ್ಳಿ, ಅದರ ಸಾಂದ್ರತೆ ಹೆಚ್ಚುಕಡಿಮೆ ಇಷ್ಟೇ. ಹಿತ್ತಾಳೆ ಆದರೆ 8.5ರ ಆಸುಪಾಸು. ಪಿನ್ ಬೇರೆ ಲೋಹದ್ದಾದರೆ ಲೆಕ್ಕ ಸ್ವಲ್ಪ ಇಳಿಯುತ್ತದೆ, ಅಷ್ಟೆ.

ಸರಿ, ಬೆಳ್ಳಿ ಅಂತ ಆಯಿತು. ಮುಂದೆ? ನಿನ್ನೆ ಎರಕ ಹೊಯ್ದ ಬೆಳ್ಳಿಯೂ ಬೆಳ್ಳಿಯೇ ತಾನೇ! ಬೆಳ್ಳಗಿರೋದೆಲ್ಲ ಹಾಲಲ್ಲ. ಲೋಹ ಯಾವುದು ಅಂತ ನೀರು ಹೇಳುತ್ತದೆ, ಯಾವ ಕಾಲದ್ದು ಅಂತ ಹೇಳೋದಿಲ್ಲ. ಅದಕ್ಕೆ ಬೆನ್ನೇ ಬೇಕು. ತಿರುಗಿಸಿ ನೋಡಿ!

ತಯಾರಕರ ಹೆಸರು ಇದ್ದರೆ ಸಾಕು ಅಂತ ಇನ್ನೊಂದು ವಾದ. ಮೇಯರ್, ಬಾಲ್ಫೋರ್, ಗಾಂಟ್, ಇವೆಲ್ಲ ನಿಜವಾದ ಹೆಸರುಗಳೇ. ಅದಕ್ಕೇ ನಕಲಿಯವರು ಹಾಕೋದು. 22ಎಂ ಥರದ ಅಂಕಿ-ಅಕ್ಷರದ ಗುರುತು ಇದ್ದರೆ ಅದು ಯುದ್ಧ ಮುಗಿದ ಮೇಲೆ ಬಂದ ಪದ್ಧತಿ. ಅಂಥ ಗುರುತಿನ ಬ್ಯಾಡ್ಜ್ ತೋರಿಸಿ "ಇದು 1943ರದ್ದು" ಅನ್ನುವವರು ಕಾಗೆ ಹಾರಿಸ್ತಿದ್ದಾರೆ. ಹಳೇ ಅಚ್ಚಿನಲ್ಲೇ ಮುಂದೆ ಮತ್ತೆ ಒತ್ತಿದವೂ ಇವೆ. ಅವುಗಳ ಮುಖ ಅಚ್ಚುಕಟ್ಟಾಗಿ ಅಸಲಿಯಂತೆಯೇ ಇರುತ್ತದೆ. ಆಗ ಪಿನ್ನು, ಬೆಸುಗೆ, ಮುದ್ರೆಯ ಜಾಗ, ಇವೇ ಗತಿ. ಇವೆಲ್ಲ ಎಲ್ಲಿರುತ್ತವೆ? ಬೆನ್ನಲ್ಲಿ.

ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ವಾಯುಪಡೆ ಲುಫ್ಟ್‌ವಾಫೆ ಪೈಲಟ್ ಬ್ಯಾಡ್ಜ್ ಬೇಕಾದರೆ ತೆಗೆದುಕೊಳ್ಳಿ. ಅದರಲ್ಲಿ ಹದ್ದು ಬೇರೆ, ಸುತ್ತಲಿನ ಎಲೆಗಳ ಹಾರ ಬೇರೆ. ಎರಡನ್ನೂ ರಿವೆಟ್ ಹೊಡೆದು ಸೇರಿಸಿರುತ್ತಾರೆ. ಹದ್ದು, ಹಾರ, ರಿವೆಟ್ ಎಲ್ಲ ಸೇರಿ ಒಂದೇ ತುಂಡಾಗಿ ಎರಕದಲ್ಲಿ ಬಂದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಮುಂದಿನಿಂದ ನೋಡಿದರೆ ಇದು ಗೊತ್ತೇ ಆಗೋದಿಲ್ಲ.

ಈ ಥರದ ವಿಷಯ ಇಷ್ಟ ಆದರೆ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ. ಹೋದ ತಿಂಗಳು ಪಿನ್‌ಗಳ ಬಗ್ಗೆಯೇ ಒಂದು ಇಡೀ ವಿಡಿಯೋ ಮಾಡಿದ್ದೆ, ತುಂಬಾ ಕಷ್ಟಪಟ್ಟು ಮಾಡಿದ್ದು. ದಯವಿಟ್ಟು ನೋಡಿ.

"ಬಟ್ಟೆಯ ವಿಂಗ್ಸ್‌ಗೆ ಬೆನ್ನಲ್ಲಿ ಏನಿರುತ್ತೆ?" ಅಂತ ಕೇಳ್ತೀರಿ. ಅಲ್ಲೇ ಜಾಸ್ತಿ ಇರೋದು! ಬ್ರಿಟನ್ ಸೇನೆಯ ಆಗಿನ ವಿಮಾನ ದಳ ರಾಯಲ್ ಫ್ಲೈಯಿಂಗ್ ಕೋರ್‌ನ ಪೈಲಟ್ ಬ್ಯಾಡ್ಜ್‌ಗೆ ದೊರೆ ಒಪ್ಪಿಗೆ ಕೊಟ್ಟಿದ್ದು 1913ರ ಫೆಬ್ರವರಿಯಲ್ಲಿ. ಅಲ್ಲಿಂದ ಕಸೂತಿ ರೆಕ್ಕೆಗಳ ಪರಂಪರೆ ಬಂತು. ಜನ ಮೇಲಿನ ಕಿರೀಟ ನೋಡಿ ಕಾಲ ಹೇಳ್ತಾರೆ. ದುಂಡಗೆ ಬಾಗಿದ್ದರೆ ರಾಜನ ಕಿರೀಟ, ನಡುವೆ ತಗ್ಗಿದ್ದರೆ 1953ರ ಈಚಿನ ರಾಣಿಯ ಕಿರೀಟ. ಆದರೆ ಈಗಿನ ರಾಜ ಚಾರ್ಲ್ಸ್ 2022ರಲ್ಲಿ ಮತ್ತೆ ದುಂಡಗಿನದನ್ನೇ ಆರಿಸಿಕೊಂಡರು. ಈಗ ಬರೀ ಕಿರೀಟ ನಂಬಿ ಕೂತರೆ ಆಯಿತಾ?

ನಮ್ಮ ವಾಯುಪಡೆಯದ್ದೇ ನೋಡಿ. 1945ರಲ್ಲಿ ಹೆಸರಿಗೆ 'ರಾಯಲ್' ಸೇರಿತು, 1950ರಲ್ಲಿ ಹೋಯಿತು. ಕಿರೀಟದ ಜಾಗಕ್ಕೆ ಅಶೋಕ ಸಿಂಹ ಬಂತು. ಆರ್‌ಐಎಎಫ್ (ರಾಯಲ್ ಇಂಡಿಯನ್ ಏರ್ ಫೋರ್ಸ್) ಅಕ್ಷರಗಳಿಗೆ ಇದ್ದದ್ದು ಆ ಐದೇ ವರ್ಷ. ಅಂಥ ಅಪರೂಪದ ವಸ್ತು ಸಿಕ್ಕಿದರೆ ಮೊದಲು ಹಿಂದಿನ ಹೊಲಿಗೆ ನೋಡಿ, ಸಮವಸ್ತ್ರದಿಂದ ಬಿಚ್ಚಿದ ಸೂಜಿ ತೂತುಗಳಿವೆಯಾ ನೋಡಿ, ಕತ್ತಲಲ್ಲಿ ಯುವಿ (ಅತಿನೇರಳೆ) ಬೆಳಕು ಹಿಡಿದು ನೋಡಿ. ಹೊಸ ಬಿಳಿ ದಾರ ನೀಲಿಯಾಗಿ ಹೊಳೆಯುತ್ತದೆ. ಹಳೆಯದನ್ನು ಈಗಿನ ಸೋಪುಪುಡಿಯಲ್ಲಿ ಒಗೆದಿದ್ದರೂ ಹೊಳೆಯಬಹುದು, ಆದ್ದರಿಂದ ಹೊಳೆಯಿತು ಅಂತ ಎಸೆಯಬೇಡಿ.

ಅಂದಹಾಗೆ, ದಯವಿಟ್ಟು ಪಾಲಿಶ್ ಮಾಡಬೇಡಿ. ಕೈಮುಗಿದು ಕೇಳ್ತೀನಿ. ಸಂದಿಯಲ್ಲಿ ಕಪ್ಪು ಕೂತು, ಉಬ್ಬಿದ ಕಡೆ ಸವೆದು ಬೆಳ್ಳಗಾಗಿರುತ್ತದಲ್ಲ, ಅದು ಒಬ್ಬ ಪೈಲಟ್‌ನ ಅಂಗಿಯ ಮೇಲೆ ವರ್ಷಗಟ್ಟಲೆ ಇದ್ದ ಗುರುತು. ಉಜ್ಜಿದರೆ ಹೋಯಿತು, ಮತ್ತೆ ಬರೋದಿಲ್ಲ.

"ಅಜ್ಜನ ಪೆಟ್ಟಿಗೆ" ಅಂತೀರಿ. ಆ ಪೆಟ್ಟಿಗೆಯ ಕಥೆ ನಾನು ಎಷ್ಟು ಸಲ ಕೇಳಿಲ್ಲ! ನನಗೆ ಟೋಪಿ ಹಾಕಿದವರೂ ಅದೇ ಕಥೆ ಹೇಳಿದ್ದು. ಕಥೆಗೆ ಅಂಚಿಲ್ಲ, ಬೆಸುಗೆಯಿಲ್ಲ, ಪಿನ್ನಿಲ್ಲ. ಲಾಗ್‌ಬುಕ್ ಇದೆಯಾ? ಫೋಟೋ ಇದೆಯಾ? ತನ್ನಿ, ಸಂತೋಷ. ಇಲ್ಲದಿದ್ದರೆ ಸುಮ್ನೆ ತಿರುಗಿಸಿ. ತಿರುಗಿಸಿ ಅಂದೆ! ಹಿಂಭಾಗ ತೋರಿಸೋದಿಲ್ಲ ಅನ್ನುವವರ ಹತ್ತಿರ ಕೊಳ್ಳಲೇಬೇಡಿ. ಅದಕ್ಕೆ ಬೇರೆ ಕಾರಣ ಕೊಡೋ ಅಗತ್ಯವೂ ನನಗೆ ಕಾಣೋದಿಲ್ಲ.

ಕಾಮೆಂಟ್ ಹಾಕಿದ ಗೆಳೆಯರೇ, ನಿಮ್ಮ ಬ್ಯಾಡ್ಜ್ ಅಸಲಿಯೇ ಆಗಿರಲಿ, ಮನಸಾರೆ ಹೇಳ್ತಿದ್ದೀನಿ. ಕಿಟಕಿ ಹತ್ತಿರ ಹೋಗಿ. ಬೆಳಕು ಪಕ್ಕದಿಂದ ಬೀಳಲಿ. ಬೆನ್ನಿನದೊಂದು, ಅಂಚಿನದೊಂದು, ಪಿನ್ನಿನ ಬುಡದ್ದೊಂದು ಫೋಟೋ ಕಳಿಸಿ. ಇವತ್ತು ರಾತ್ರಿಯೇ ಕೂತು ನೋಡ್ತೀನಿ.