ಕೆಂಡದ ಕಬಾಬಿಗೆ ಆ ಘಮ ಬರುವುದು ಎಲ್ಲಿಂದ?

ನಮಸ್ಕಾರ! ವೀಕ್ಷಕರೊಬ್ಬರ ಪ್ರಶ್ನೆ: "ಅಣ್ಣಾ, ಅದೇ ಕೋಳಿ, ಅದೇ ಮಸಾಲೆ. ಮನೆಯ ತವಾದಲ್ಲಿ ಮಾಡಿದರೆ ಕೆಂಡದ ಕಬಾಬಿನ ಘಮ ಯಾಕೆ ಬರಲ್ಲ?"

ಉತ್ತರ ಹುಡುಕಿಕೊಂಡು ಚಿಕ್ಕಮಗಳೂರಿನ ಒಂದು ಬಾರ್ಬೆಕ್ಯೂ ಅಂಗಡಿಗೆ ಬಂದಿದ್ದೇವೆ. ತಗಡಿನ ಸೂರು, ಪ್ಲಾಸ್ಟಿಕ್ ಕುರ್ಚಿ, ಸ್ಟೀಲ್ ತಟ್ಟೆ. ಫ್ಯಾನ್ ಕೇಳಬೇಡಿ. ಒಂದು ಬೀಸಣಿಗೆ ಇದೆ, ಅದೂ ಕೆಂಡಕ್ಕೆ!

ಬೇಸಿಕ್ ಬೇಗ ಮುಗಿಸೋಣ. ಮಾಂಸದ ಹೊರಮೈ ಸುಮಾರು 140 ಡಿಗ್ರಿ ದಾಟಿದರೆ ಕಂದು ಬಣ್ಣ, ಹುರಿದ ರುಚಿ ಬರುತ್ತದೆ. ಇದಕ್ಕೆ ಮಯಾರ್ ರಿಯಾಕ್ಷನ್ ಅಂತಾರೆ, 1912ರಲ್ಲಿ ಫ್ರಾನ್ಸಿನ ಮಯಾರ್ ವಿವರಿಸಿದ್ದು. ನಮ್ಮ ಕಾಫಿ ಬೀಜ ಹುರಿಯುವಾಗಲೂ ಇದು ನಡೆಯುತ್ತದೆ. ಆದರೆ ತವಾದಲ್ಲೂ ನಡೆಯುತ್ತದಲ್ವಾ? ಹಾಗಾಗಿ ಉತ್ತರ ಇದಲ್ಲ.

ಇದ್ದಿಲಿನ ವಾಸನೆಯಾ? ಅದೂ ಅಲ್ಲ! ಸೌದೆಗೆ ಗಾಳಿ ಸಿಗದ ಹಾಗೆ ಸುಟ್ಟು ಇದ್ದಿಲು ಮಾಡುವಾಗಲೇ ಹೊಗೆ ಕೊಡುವ ಅಂಶ ಬಹುಪಾಲು ಹೋಗಿರುತ್ತದೆ. ಬೂದಿ ಕಟ್ಟಿದ ಕೆಂಡಕ್ಕೆ ವಾಸನೆ ಇಲ್ಲವೆಂದೇ ಹೇಳಬಹುದು.

(ಕ್ಲೋಸಪ್: ಕಂಬಿಯ ಕೆಳಗೆ)

ಇಲ್ಲಿ ನೋಡಿ. ಲೆಗ್ ಪೀಸಿನ ತುದಿಯಲ್ಲಿ ಜಿಡ್ಡಿನ ಒಂದು ಹನಿ. ದಪ್ಪ ಆಗ್ತಾ ಇದೆ... ಬಿತ್ತು. ಚುಂಯ್! ಎದ್ದ ಹೊಗೆ ನೋಡಿದ್ರಾ? ನಿಮ್ಮ ಘಮ ಅದೇ. ಕೋಳಿ ತನ್ನ ಜಿಡ್ಡಿನ ಹೊಗೆಯನ್ನು ತಾನೇ ಕುಡಿಯುತ್ತಿದೆ!

ಮಗುವಿಗೆ ಎಣ್ಣೆನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡ್ತಾರಲ್ಲ, ಥೇಟ್ ಹಾಗೆ. ಕೆಂಡಕ್ಕೆ ಪರಿಮಳವಿಲ್ಲ, ಪರಿಮಳ ಸಾಂಬ್ರಾಣಿಯದ್ದು. ಅಜ್ಜಿ ಹೊಗೆ ಕೊಡುವುದು ಯಾವಾಗ? ತಲೆಗೂದಲು ಇನ್ನೂ ಒದ್ದೆ ಇರುವಾಗ. ಮಾಂಸಕ್ಕೂ ಅಷ್ಟೇ, ಮೇಲ್ಮೈ ಒದ್ದೆ ಇದ್ದರೆ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಇಲ್ಲಿನ ಅಣ್ಣ ಮತ್ತೆ ಮತ್ತೆ ಮಸಾಲೆ ನೀರು ಸವರುವುದು ಸುಮ್ನೆ ಅಲ್ಲ. ತವಾದಲ್ಲಿ ಪಾಪ, ಹನಿಗೆ ಬೀಳಲು ಜಾಗವೇ ಇಲ್ಲ.

ಟೈಮ್ ಆಗ್ತಾ ಬಂತು, ಉಳಿದದ್ದು ಒಂದೇ ಉಸಿರಿಗೆ. ಜಿಡ್ಡು ಜಾಸ್ತಿ ಸುರಿದು ಬೆಂಕಿ ಹತ್ತಿಕೊಂಡರೆ ಘಮ ಹೋಗಿ ಮಸಿ, ಕಹಿ. ಪೂರ್ತಿ ಕಪ್ಪಾದ ಭಾಗ ಕಿತ್ತು ಬದಿಗಿಡಿ, ಅದು ಆರೋಗ್ಯಕ್ಕೂ ಒಳ್ಳೆಯದಲ್ಲ. ಜಿಡ್ಡು ಬೇಕಾದ್ದರಿಂದ ಲೆಗ್ ಪೀಸ್ ಅಥವಾ ಹಂದಿ ಹೇಳಿ. ಬ್ರೆಸ್ಟ್ ಪೀಸೇ ಬೇಕು ಅನ್ನುವವರಿಗೆ ನನ್ನ ಸಂತಾಪ. ಮೇಲೆ ಮಲೆನಾಡಿನ ಕಾಳುಮೆಣಸು ಇರಲಿ, ಮಯೋನೀಸ್ ದಯವಿಟ್ಟು ಬೇಡ.

ಮನೆಯಲ್ಲಿ? ಬೆಂದ ಕಬಾಬಿನ ಪಾತ್ರೆಯ ನಡುವೆ ಸ್ಟೀಲ್ ಬಟ್ಟಲಿಡಿ. ಅದರಲ್ಲಿ ಒಂದು ಕೆಂಡ, ಮೇಲೆ ಅರ್ಧ ಚಮಚ ತುಪ್ಪ. ತಕ್ಷಣ ಮುಚ್ಚಿ, ಐದು ನಿಮಿಷ ಬಿಡಿ. ಕಿಟಕಿ ಮಾತ್ರ ತೆಗೆದಿರಲಿ.