ತಿಳಿಯದ ನಷ್ಟಕ್ಕೆ ಇಂದಿನ ಬೆಲೆ

ಕೇಳುಗರಿಗೆ ನಮಸ್ಕಾರ.

ನೂರು ವರ್ಷಗಳ ನಂತರ ಹವಾಮಾನ ಬದಲಾವಣೆಯಿಂದ ಒಂದು ಕೋಟಿ ರೂಪಾಯಿ ನಷ್ಟವಾಗಲಿದೆ ಎಂದಿಟ್ಟುಕೊಳ್ಳೋಣ. ಅದನ್ನು ತಪ್ಪಿಸಲು ಇಂದು ಎಷ್ಟು ಖರ್ಚು ಮಾಡಿದರೆ ಲೆಕ್ಕಕ್ಕೆ ಸರಿಹೋದೀತು? ಬ್ರಿಟನ್ ಸರ್ಕಾರಕ್ಕೆ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ಅವರು 2006ರಲ್ಲಿ ಕೊಟ್ಟ ವರದಿಯಂತೆ ವರ್ಷಕ್ಕೆ ಸುಮಾರು ಶೇ. 1.4ರ ಡಿಸ್ಕೌಂಟ್ ದರ (ಮುಂದಿನ ಹಣದ ಇಂದಿನ ಬೆಲೆ ಎಣಿಸುವಾಗ ವರ್ಷವರ್ಷಕ್ಕೂ ಕಳೆಯುವ ಪ್ರಮಾಣ) ಹಿಡಿದರೆ 25 ಲಕ್ಷ. ಅವರನ್ನು ಟೀಕಿಸಿದ ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಅವರ ದರಕ್ಕೆ ಹತ್ತಿರವಾದ ಶೇ. 4.3 ಹಿಡಿದರೆ ಬರೀ ಒಂದೂವರೆ ಲಕ್ಷ. ಇಬ್ಬರೂ ಓದಿದ್ದು ಹೆಚ್ಚುಕಡಿಮೆ ಒಂದೇ ವಿಜ್ಞಾನವನ್ನು. ಇನ್ನೂ ಹುಟ್ಟದವರ ಹಿತಕ್ಕೆ ಎಷ್ಟು ತೂಕ ಕೊಡಬೇಕು, ಅವರು ನಮಗಿಂತ ಎಷ್ಟು ಸಿರಿವಂತರಾಗಿರುತ್ತಾರೆ ಎಂಬ ಊಹೆಗಳಲ್ಲೇ ಅಂತರವೆಲ್ಲ ಹುಟ್ಟಿತು.

ಈ ಊಹೆಗಳು ಸರ್ಕಾರಿ ಕಡತಗಳಿಗೂ ಇಳಿಯುತ್ತವೆ. ಒಂದು ಟನ್ ಇಂಗಾಲದ ಡೈಆಕ್ಸೈಡ್‌ನಿಂದಾಗುವ ಹಾನಿಯನ್ನು ಟ್ರಂಪ್ ಅವರ ಮೊದಲ ಆಡಳಿತ ಒಂದರಿಂದ ಏಳು ಡಾಲರ್ ಎಂದಿತ್ತು; ಅಮೆರಿಕದ ಗಡಿಯೊಳಗಿನ ನಷ್ಟವನ್ನಷ್ಟೇ ಎಣಿಸಿದ್ದೂ ಅದಕ್ಕೊಂದು ಕಾರಣ. 2023ರಲ್ಲಿ ಅದೇ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ ಶೇ. 2ರ ದರದಲ್ಲಿ 190 ಡಾಲರ್ ಎಂದಿತು.

ಇಷ್ಟು ಅನಿಶ್ಚಿತವಾದರೆ ಕಾದು ನೋಡುವುದೇ ಜಾಣತನವಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ತಾಪ 3 ಡಿಗ್ರಿಯಷ್ಟು ಏರುವುದೆಂಬುದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ 2021ರ ಅತ್ಯುತ್ತಮ ಅಂದಾಜು. ಅದು 5 ಡಿಗ್ರಿ ದಾಟುವ ಸಣ್ಣ ಸಾಧ್ಯತೆಯೂ ಉಳಿದಿದೆ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಮಾರ್ಟಿನ್ ವೈಟ್ಜ್‌ಮನ್ 2009ರಲ್ಲಿ ಬೆರಳಿಟ್ಟು ತೋರಿಸಿದ್ದು ಈ ಅಂಚನ್ನೇ: ಅಲ್ಲಿ ನಷ್ಟವು ಸಂಭವನೀಯತೆ ಕುಗ್ಗುವುದಕ್ಕಿಂತ ವೇಗವಾಗಿ ಹಿಗ್ಗಿದರೆ, ಸರಾಸರಿಯನ್ನು ನಂಬಿದ ಲೆಕ್ಕ ದಾರಿ ತಪ್ಪಿಸುತ್ತದೆ. ಮನೆಗೆ ಬೆಂಕಿ ಬೀಳುವ ಸಂಭವ ಕಡಿಮೆಯಿದ್ದರೂ ವಿಮೆ ಮಾಡಿಸುವುದು ಇದಕ್ಕೇ. ಇಂಗಾಲದ ಮೇಲೆ ಹಾಕಿದ ತೆರಿಗೆ ಹೆಚ್ಚಾಯಿತೆಂದು ಗೊತ್ತಾದರೆ ಮುಂದಿನ ಬಜೆಟ್ಟಿನಲ್ಲಿ ಇಳಿಸಬಹುದು. ಗಾಳಿಗೆ ಸೇರಿದ ಇಂಗಾಲವನ್ನು ಹಾಗೆ ಹಿಂಪಡೆಯಲಾಗದು, ಅದರ ಒಂದು ಪಾಲು ಸಾವಿರಾರು ವರ್ಷ ಉಳಿಯುತ್ತದೆ.

ತಂತ್ರಜ್ಞಾನ ಅಗ್ಗವಾಗುವವರೆಗೆ ಕಾಯೋಣ ಎಂಬ ವಾದಕ್ಕೆ ಇದಕ್ಕಿಂತ ಹೆಚ್ಚು ತೂಕವಿದೆ. ಸೌರ ವಿದ್ಯುತ್ತಿನ ವೆಚ್ಚ 2010ರಿಂದ 2019ರ ನಡುವೆ ಶೇ. 85ರಷ್ಟು ಇಳಿದದ್ದು ನಿಜ. ಆದರೆ ಜರ್ಮನಿಯು 2000ದ ಕಾನೂನಿನಡಿ ದುಬಾರಿ ದರಕ್ಕೆ ಸೌರ ವಿದ್ಯುತ್ ಕೊಳ್ಳುವ ಖಾತರಿ ನೀಡಿ ಮಾರುಕಟ್ಟೆ ಕಟ್ಟಿತು, ಆ ಬೇಡಿಕೆಯ ಮೇಲೆ ಚೀನಾದ ಕಾರ್ಖಾನೆಗಳು ಬೆಳೆದವು. ಕಾಯದವರು ತೆತ್ತ ಹಣದಿಂದಲೇ ಕಾದವರಿಗೂ ಬೆಲೆ ಇಳಿಯಿತು.