ನಾಲ್ಕೇ ಸಾಲಲ್ಲಿ ನಗಿಸುವುದು ಹೇಗೆ? ಚುಟುಕು ಸ್ಪರ್ಧೆಗೆ ಹೊರಟವರಿಗೆ

[ಪರದೆ ಮೇಲೆ ನಾಲ್ಕು ಸಾಲು, ಒಂದೊಂದಾಗಿ]

ನಮಸ್ಕಾರ. ಮೊದಲು ಒಂದು ಚುಟುಕು ಕೇಳಿ. ಈ ವಿಡಿಯೋಗೆಂದೇ ಬರೆದದ್ದು.

ತಿಪಟೂರ ಮಾವನಿಗೆ ತೆಂಗಿನದೆ ತೋಟ
ಅಳಿಯನಿಗೆ ಹಬ್ಬದಲಿ ಭರ್ಜರಿಯ ಊಟ
ಕಾಯಿಲ್ಲ ಚಟ್ನಿಯಲಿ, ಮೆಣಸಿನದೆ ಏಟು
ಮಾವನದು ಒಂದೆ ನುಡಿ: "ಏರಲಿದೆ ರೇಟು!"

ನಗು ಬಂದದ್ದು ಎಲ್ಲಿ? ಕೊನೆಯ ಪದದಲ್ಲಿ. ಈಗ ಕೊನೆಯ ಸಾಲನ್ನು "ರೇಟು ಏರಲಿದೆ ಎಂದು ಮಾವ ಹೇಳಿದರು" ಅಂತ ಓದಿ ನೋಡಿ. ಅರ್ಥ ಅದೇ, ಆದರೆ ಯಾರೂ ನಗುವುದಿಲ್ಲ. ವಿಷಯ ಮೊದಲೇ ಗೊತ್ತಾಗಿ ಹೋಯಿತು, ಆಮೇಲೂ ಮಾತು ಮುಂದುವರಿಯಿತು. ನಗೆ ಚುಟುಕಿನ ಸ್ಪರ್ಧೆಯಲ್ಲಿ ಗೆಲ್ಲುವುದೂ ಸೋಲುವುದೂ ಜಾಸ್ತಿ ಇಲ್ಲೇ.

ಹಾಗಾಗಿ ಚುಟುಕನ್ನು ಕೆಳಗಿನಿಂದ ಮೇಲಕ್ಕೆ ಬರೆಯಿರಿ. ಇಲ್ಲಿ ಮೊದಲು ಸಿಕ್ಕ ಪದ "ರೇಟು". ಆಮೇಲೆ ಅದಕ್ಕೆ ಪ್ರಾಸ ಹುಡುಕಿದ್ದು: ಗೇಟು, ಲೇಟು, ಪ್ಲೇಟು, ಏಟು. ಚಟ್ನಿಯ ಖಾರಕ್ಕೆ "ಏಟು" ಒಪ್ಪಿತು. ತೋಟ, ಊಟ ಬಂದದ್ದು ಕೊನೆಗೆ. ಕೇಳುವವರಿಗೆ ಇದು ಗೊತ್ತಾಗಬಾರದು, ಅವರಿಗೆ ಎಲ್ಲವೂ ಮೇಲಿನಿಂದಲೇ ಸಲೀಸಾಗಿ ಇಳಿದು ಬಂದಂತೆ ಇರಬೇಕು.

[ಪರದೆ ಮೇಲೆ: ತಿ-ಪ-ಟೂ-ರ, 1+1+2+1]

ಈಗ ಚಪ್ಪಾಳೆ ತಟ್ಟಿಕೊಂಡು ಓದೋಣ. ತಿಪಟೂರ, ಮಾವನಿಗೆ, ತೆಂಗಿನದೆ, ತೋಟ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಲೆಕ್ಕ ಹಾಕಿದರೆ ಐದು, ಐದು, ಐದು, ಮೂರು. ನಾಲ್ಕೂ ಸಾಲು ಹೀಗೇ. ಕಿವಿ ಈ ನಡಿಗೆಗೆ ಒಗ್ಗಿಕೊಂಡಿರುತ್ತದೆ, ಕೊನೆಯ ಪದಕ್ಕೆ ಕಾದು ಕೂತಿರುತ್ತದೆ. ಒಂದು ಮಾತ್ರೆ ತಪ್ಪಿದರೂ ಜನ ಎಡವುತ್ತಾರೆ, ನಗು ತಡವಾಗುತ್ತದೆ. ಹೊಸಗನ್ನಡ ಕವಿತೆಗೆ ಹೊಸ ನಡಿಗೆ ಕಲಿಸಿದ ಬಿ.ಎಂ.ಶ್ರೀ ಹುಟ್ಟಿದ್ದು ನಮ್ಮ ತುಮಕೂರು ಜಿಲ್ಲೆಯ ತುರುವೇಕೆರೆ ತಾಲೂಕಿನ ಸಂಪಿಗೆಯಲ್ಲಿ, 1884ರಲ್ಲಿ. ಮಾತ್ರೆ ಎಣಿಸುವುದು ಹಳೇ ಕಾಲದ ಕೆಲಸ ಅಂತ ತುಮಕೂರಿನವರು ಹೇಳಬಾರದು!

ಸ್ಪರ್ಧೆಯ ಪ್ರಕಟಣೆಯಲ್ಲಿ "ಚುಟುಕು" ಅಂತ ಇದೆಯೋ, "ಹನಿಗವನ" ಅಂತ ಇದೆಯೋ ನೋಡಿಕೊಳ್ಳಿ. ಚುಟುಕು ಅಂದರೆ ಸಾಮಾನ್ಯವಾಗಿ ನಾಲ್ಕು ಸಾಲು, ಎರಡೆರಡು ಸಾಲಿಗೆ ಪ್ರಾಸ. ಇದನ್ನು ಮನೆಮನೆಗೆ ತಲುಪಿಸಿದವರು ಉತ್ತರ ಕನ್ನಡದ ದಿನಕರ ದೇಸಾಯಿ (1909–1982). ಅವರು ರೈತರ ಪರ ಹೋರಾಡಿದವರು, 1967ರಲ್ಲಿ ಲೋಕಸಭೆಗೂ ಗೆದ್ದವರು. ಅಧಿಕಾರದಲ್ಲಿದ್ದವರಿಗೆ ಹೇಳಬೇಕಾದ್ದನ್ನು ನಾಲ್ಕೇ ಸಾಲಲ್ಲಿ ಹೇಳುತ್ತಿದ್ದರು. ನಗೆ ಚುಟುಕು ಅಂದರೆ ಸುಮ್ನೆ ಜೋಕು ಅಂದುಕೊಂಡವರಿಗೆ ಅವರ ಬದುಕೇ ಉತ್ತರ. ಇನ್ನು ಲಿಮರಿಕ್ ಕೇಳಿದ್ದರೆ ಐದು ಸಾಲು: ಒಂದು, ಎರಡು, ಐದಕ್ಕೆ ಒಂದು ಪ್ರಾಸ, ಮೂರು-ನಾಲ್ಕಕ್ಕೆ ಇನ್ನೊಂದು.

ಹನಿಗವನಕ್ಕೆ ಇಷ್ಟು ಕಟ್ಟುಪಾಡಿಲ್ಲ. ಉದಾಹರಣೆಗೆ,

ಪಾವಗಡದ ಬಿಸಿಲಿನಿಂದ
ಊರೂರಿಗೂ ಕರೆಂಟು;
ನಮಗೆ ಮಾತ್ರ
ನೇರ ಸಪ್ಲೈ,
ನೆತ್ತಿ ಮೇಲೆ!

ಪ್ರಾಸವಿಲ್ಲ, ಮಾತ್ರೆಯ ಲೆಕ್ಕವಿಲ್ಲ. ಆದರೂ ಗುಟ್ಟು ಕೊನೆಯ ಎರಡು ಪದಗಳಲ್ಲೇ ಇದೆ. ಕಟ್ಟುಪಾಡು ಇಲ್ಲದ್ದರಿಂದ ಹನಿಗವನ ಸುಲಭ ಅನ್ನಿಸುತ್ತದೆ. ನನ್ನ ಪ್ರಕಾರ ಅದೇ ಕಷ್ಟ. ಚುಟುಕಿನಲ್ಲಿ ಪ್ರಾಸವಾದರೂ ಕೈಹಿಡಿಯುತ್ತದೆ, ಇಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ.

[ಪರದೆ ಮೇಲೆ: ಅಟ್ಟದ ಮೇಲೆ ಒಣಗುತ್ತಿರುವ ತೆಂಗಿನಕಾಯಿ, ಪಾವಗಡದ ಸೋಲಾರ್ ಪಾರ್ಕ್]

ವಿಷಯ ಎಲ್ಲಿಂದ ತರುವುದು? ನಮ್ಮ ಸುತ್ತಲಿಂದಲೇ. ತಿಪಟೂರು ಕಡೆ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಎಪಿಎಂಸಿ ಹರಾಜಿನಲ್ಲಿ ರೇಟು ಹೇಗಿದೆ ನೋಡಿಕೊಂಡು ಮಾರುತ್ತಾರೆ. ಇದು ಗೊತ್ತಿದ್ದವರಿಗೆ ಆ ಮಾವ ಬರೀ ಜಿಪುಣನಾಗಿ ಕಾಣುವುದಿಲ್ಲ, ಪಕ್ಕದ ಮನೆಯವರ ಹಾಗೆ ಕಾಣುತ್ತಾರೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್‌ನದು. ಅಲ್ಲಿನ ಬಿಸಿಲು ಎಷ್ಟು ಅಂತ ಅಲ್ಲಿ ನಡೆದವರಿಗೇ ಗೊತ್ತು. ನಿಜದ ಬೇರು ಇದ್ದರೆ ನಗು ಆಳಕ್ಕೆ ಹೋಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹೆಂಡತಿ ಬಗ್ಗೆ ಜೋಕು ಬಿಟ್ಟುಬಿಡಿ. ಲಟ್ಟಣಿಗೆ, ಶಾಪಿಂಗ್, ತವರುಮನೆ ಎಲ್ಲ ಸಾಕಾಗಿದೆ. ಯಾರದ್ದೋ ಮೈಬಣ್ಣ, ಜಾತಿ, ಊನ ಇಟ್ಟುಕೊಂಡು ನಗಿಸುವುದೂ ಬೇಡ. ಪಾವಗಡ, ಮಧುಗಿರಿ ಗಡಿಯಲ್ಲಿ ತೆಲುಗು ಬೆರೆತ ಕನ್ನಡ ಕೇಳುತ್ತದೆ. ಅದನ್ನು ಆಡಿಕೊಳ್ಳಬೇಡಿ. ಅದು ನಿಮ್ಮದೇ ಮಾತಾಗಿದ್ದರೆ ಅದರಲ್ಲೇ ಬರೆಯಿರಿ, ಎಷ್ಟು ಚೆಂದ ಇರುತ್ತದೆ! ದೊಡ್ಡವರನ್ನು ಚುಚ್ಚಿ, ಅದಕ್ಕೇ ಚುಟುಕು ಇರುವುದು.

ಇನ್ನು ವೇದಿಕೆ. ಹೆಸರು ಹೇಳಿ, ನೇರ ಓದಲು ಶುರು ಮಾಡಿ. "ಇದು ತಮಾಷೆಯ ಕವಿತೆ" ಅಂತ ಪೀಠಿಕೆ ಬೇಡ. ಮೂರನೇ ಸಾಲಾದ ಮೇಲೆ ಒಂದು ಉಸಿರಿನಷ್ಟು ನಿಲ್ಲಿ. ಕೊನೆಯ ಪದವನ್ನು ನುಂಗಬೇಡಿ, ಹಿಂದಿನ ಸಾಲಿನ ಕುರ್ಚಿಯವರಿಗೂ ಕೇಳಬೇಕು. ಹೊಸಬರು ನಗು ಬರುವ ಮೊದಲೇ ತಾವೇ ನಕ್ಕುಬಿಡುತ್ತಾರೆ, ಆಗ ಆ ಪದವೇ ಕೇಳಿಸುವುದಿಲ್ಲ. ಎರಡನೇ ಚುಟುಕು ಇದ್ದರೆ ಸಭೆಯ ನಗು ಪೂರ್ತಿ ಇಳಿಯುವ ತನಕ ಕಾಯಿರಿ. ಯಾರೂ ನಗದಿದ್ದರೆ ಅರ್ಥ ಬಿಡಿಸಿ ಹೇಳಲು ಹೋಗಬೇಡಿ, ಮುಂದಿನದನ್ನು ಓದಿ.

ಹೊರಡುವ ಹಿಂದಿನ ದಿನ ಮನೆಯಲ್ಲಿ ಕವಿತೆ ಓದುವ ಅಭ್ಯಾಸವೇ ಇಲ್ಲದ ಒಬ್ಬರಿಗೆ ಓದಿ ಹೇಳಿ. ಅಜ್ಜಿ ಆದರೆ ಇನ್ನೂ ಒಳ್ಳೆಯದು. ಅವರು "ಆಮೇಲೆ?" ಅಂತ ಕೇಳಿದರೆ ಕೊನೆಯ ಸಾಲು ಇನ್ನೂ ಸಿಕ್ಕಿಲ್ಲ, ಮತ್ತೆ ಕೂತು ಬರೆಯಿರಿ.